ಓದೂ ಇರಲಿ, ಆಟವೂ ಇರಲಿ: ಬೆಂಗಳೂರು ವಿಶ್ವವಿದ್ಯಾನಿಲಯ ಮತ್ತು ಅದರ ಮೈದಾನ



ನಮ್ಮ ಉರ್ದು ಮನೆಗಳಲ್ಲಿ ಹಿರಿಯರು ಆಗಾಗ ಹೇಳುವ ಒಂದು ಗಾದೆ ಇದೆ. ಓದಿ ಬರೆದವನು ನವಾಬನಾಗುತ್ತಾನೆ, ಆಡಿ ಕುಣಿದವನು ಹಾಳಾಗುತ್ತಾನೆ ಎಂಬುದು ಅದರ ಅರ್ಥ. ಮಕ್ಕಳು ಚೆನ್ನಾಗಿ ಓದಲಿ ಎಂಬ ಸದುದ್ದೇಶದಿಂದಲೇ ಈ ಮಾತು ಹುಟ್ಟಿದೆ. ಆದರೆ ಓದು ಒಂದು ದಾರಿ, ಆಟ ಇನ್ನೊಂದು ದಾರಿ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು ಎಂಬ ಭಾವನೆಯನ್ನೂ ಅದು ನಮ್ಮಲ್ಲಿ ಬೇರೂರಿಸಿದೆ. ಈ ಭಾವನೆ ಎಷ್ಟು ಸರಿ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಆರ್‌ಪಿಸಿ ಲೇಔಟ್‌ನಿಂದ ಮೈಸೂರು ರಸ್ತೆಯ ಕಡೆಗೆ ಹೋದರೆ ಕೆಲವೇ ಕಿಲೋಮೀಟರ್ ದೂರದಲ್ಲಿ ಜ್ಞಾನಭಾರತಿ ಇದೆ. ಅದು ಬೆಂಗಳೂರು ವಿಶ್ವವಿದ್ಯಾನಿಲಯದ ಆವರಣ. ಆ ವಿಶ್ವವಿದ್ಯಾನಿಲಯದ ಕಥೆಯನ್ನೂ, ಅದರ ಆಟದ ಮೈದಾನದ ಕಥೆಯನ್ನೂ ಒಟ್ಟಿಗೆ ಓದಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಸೆಂಟ್ರಲ್ ಕಾಲೇಜಿನಿಂದ ಆರಂಭ

ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1964ರಲ್ಲಿ. ಆದರೆ ಅದರ ಬೇರು ಇರುವುದು 1858ರಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ಒಂದು ಸರ್ಕಾರಿ ಹೈಸ್ಕೂಲ್ ಆರಂಭವಾಯಿತು. ಅದೇ ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜ್ ಎಂದು ಹೆಸರಾಯಿತು. ಆ ಕಾಲದಲ್ಲಿ ನಮ್ಮ ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಇಲ್ಲಿನ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪದವಿ ಪಡೆಯಬೇಕಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು, ಸಿ. ರಾಜಗೋಪಾಲಾಚಾರಿಯವರು ಓದಿದ್ದು ಇದೇ ಕಾಲೇಜಿನಲ್ಲಿ. ಮುಂದೆ 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು 1905ರಲ್ಲಿ ಪದವಿ ಪಡೆದದ್ದೂ ಇಲ್ಲಿಂದಲೇ.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಬ್ರಿಟಿಷ್ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಆರಂಭವಾದ ಮೊದಲ ವಿಶ್ವವಿದ್ಯಾನಿಲಯ ಅದು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಆಧಾರಸ್ತಂಭಗಳಾದವು. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು.

ಸೆಂಟ್ರಲ್ ಕಾಲೇಜಿಗೆ ತರಗತಿ ಕೊಠಡಿಗಳ ಜೊತೆಗೆ ಒಂದು ಮೈದಾನವೂ ಇತ್ತು ಎಂಬುದನ್ನು ಗಮನಿಸಿ. ಚಿನ್ನಸ್ವಾಮಿ ಕ್ರೀಡಾಂಗಣ ಸಿದ್ಧವಾಗುವ ಮುನ್ನ ಬೆಂಗಳೂರಿನ ರಣಜಿ ಪಂದ್ಯಗಳು ನಡೆಯುತ್ತಿದ್ದದ್ದು ಇದೇ ಸೆಂಟ್ರಲ್ ಕಾಲೇಜು ಮೈದಾನದಲ್ಲಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ದಶಕಗಳಲ್ಲಿ ಈ ನಗರದ ಜನ ದೊಡ್ಡ ಆಟ ನೋಡಲು ಹೋಗುತ್ತಿದ್ದದ್ದು ಒಂದು ಸರ್ಕಾರಿ ಕಾಲೇಜಿನ ಅಂಗಳಕ್ಕೆ. ಅಂದರೆ ಈ ನಗರದ ಕ್ರೀಡೆ ಒಂದು ಕಾಲದಲ್ಲಿ ವಿದ್ಯೆಯ ಮಡಿಲಲ್ಲೇ ಬೆಳೆಯಿತು.

ವಿಶ್ವವಿದ್ಯಾನಿಲಯಗಳ ನಡುವಿನ ಆಟ

ದೇಶದ ವಿಶ್ವವಿದ್ಯಾನಿಲಯಗಳು ಪರಸ್ಪರ ಸಹಕಾರಕ್ಕಾಗಿ 1925ರಲ್ಲಿ ಒಂದು ಅಂತರ ವಿಶ್ವವಿದ್ಯಾನಿಲಯ ಮಂಡಳಿಯನ್ನು ರಚಿಸಿಕೊಂಡವು. ಅದೇ ಇಂದಿನ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ. 1935ರಲ್ಲಿ ವಿಶ್ವವಿದ್ಯಾನಿಲಯಗಳ ನಡುವೆ ರೋಹಿಂಟನ್ ಬಾರಿಯಾ ಕ್ರಿಕೆಟ್ ಟ್ರೋಫಿ ಆರಂಭವಾಯಿತು. ಕ್ರಮೇಣ ಫುಟ್‌ಬಾಲ್, ಹಾಕಿ, ವಾಲಿಬಾಲ್, ಕಬಡ್ಡಿ, ಅಥ್ಲೆಟಿಕ್ಸ್ ಎಲ್ಲದಕ್ಕೂ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗಳು ಏರ್ಪಟ್ಟವು. ಆಟ ಕಲಿಸುವವರಿಗೂ ತರಬೇತಿ ಬೇಕೆಂಬ ಅರಿವು ಇದಕ್ಕೆ ಮೊದಲೇ ಮೂಡಿತ್ತು. ಮದರಾಸಿನಲ್ಲಿ 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಆರಂಭವಾಗಿತ್ತು.

ಸ್ವಾತಂತ್ರ್ಯದ ನಂತರ ಕ್ರೀಡೆ ಕೇಂದ್ರ ಶಿಕ್ಷಣ ಸಚಿವಾಲಯದ ಕೆಲಸವಾಯಿತು. ಆಗ ಶಿಕ್ಷಣ ಸಚಿವರಾಗಿದ್ದವರು ಮೌಲಾನಾ ಅಬುಲ್ ಕಲಾಂ ಆಜಾದ್. ಅವರ ಜನ್ಮದಿನವಾದ ನವೆಂಬರ್ 11ನ್ನು 2008ರಿಂದ ರಾಷ್ಟ್ರೀಯ ಶಿಕ್ಷಣ ದಿನವಾಗಿ ನಾವೆಲ್ಲ ಆಚರಿಸುತ್ತಿದ್ದೇವೆ. ಆದರೆ ಅವರ ಹೆಸರಿನಲ್ಲಿ ದೇಶದ ದೊಡ್ಡ ಕ್ರೀಡಾ ಪ್ರಶಸ್ತಿಯೊಂದು ಇದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಅಂತರ ವಿಶ್ವವಿದ್ಯಾನಿಲಯ ಕ್ರೀಡೆಗಳಲ್ಲಿ ಒಟ್ಟಾರೆ ಉತ್ತಮ ಸಾಧನೆ ತೋರಿದ ವಿಶ್ವವಿದ್ಯಾನಿಲಯಕ್ಕೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956-57ರಲ್ಲಿ, ಅವರು ಇನ್ನೂ ಸಚಿವರಾಗಿದ್ದಾಗಲೇ, ಸ್ಥಾಪನೆಯಾಯಿತು. ಕುರ್‌ಆನಿನ ವ್ಯಾಖ್ಯಾನ ಬರೆದ ಆಲಿಮ್ ಒಬ್ಬರ ಹೆಸರು ಆಟದ ಟ್ರೋಫಿಯ ಮೇಲಿರುವುದು ಆಕಸ್ಮಿಕವಲ್ಲ. ಆ ದಿನಗಳಲ್ಲಿ ಆಟ ಶಿಕ್ಷಣದ ಒಂದು ಅಧ್ಯಾಯವೇ ಆಗಿತ್ತು. ಗ್ವಾಲಿಯರ್‌ನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ಆರಂಭವಾದದ್ದೂ 1957ರಲ್ಲಿ, ಇದೇ ಸಚಿವಾಲಯದಿಂದ.

ಈ ಟ್ರೋಫಿಯ ಲೆಕ್ಕಾಚಾರ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. ಕೇವಲ ಕ್ರಿಕೆಟ್ ಗೆದ್ದರೆ ಅದು ಬರುವುದಿಲ್ಲ. ಹಲವಾರು ಆಟಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ವಿಜೇತರನ್ನು ನಿರ್ಧರಿಸುತ್ತಾರೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1969ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯಕ್ಕಿಂತ 5 ವರ್ಷ ತಡವಾಗಿ. ಆದರೂ ಅದು ಈ ಟ್ರೋಫಿಯನ್ನು 20ಕ್ಕೂ ಹೆಚ್ಚು ಬಾರಿ ಗೆದ್ದಿದೆ. ಅದೂ ಒಂದು ರಾಜ್ಯ ವಿಶ್ವವಿದ್ಯಾನಿಲಯವೇ. ಜನ ಅಷ್ಟಾಗಿ ಗಮನಿಸದ ಆಟಗಳಿಗೂ ಮಹತ್ವ ಕೊಟ್ಟವರಿಗೆ ಈ ಲೆಕ್ಕ ಒಲಿಯುತ್ತದೆ. ಈಚಿನ ವರ್ಷಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಸಾಧನೆಯ ಮೇಲೆ ಈ ಟ್ರೋಫಿ ಕೊಡಲಾಗುತ್ತಿದೆ.

ಜ್ಞಾನಭಾರತಿ

1964ರಲ್ಲಿ ಸೆಂಟ್ರಲ್ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜನ್ನು ಮೈಸೂರಿನಿಂದ ಬೇರ್ಪಡಿಸಿ ಬೆಂಗಳೂರು ವಿಶ್ವವಿದ್ಯಾನಿಲಯ ರಚಿಸಲಾಯಿತು. ನಗರದ ಮಧ್ಯದ ಹಳೆಯ ಕಟ್ಟಡಗಳಲ್ಲಿ ಅದು ಬೆಳೆಯಲು ಜಾಗ ಸಾಲಲಿಲ್ಲ. 1973ರಲ್ಲಿ ಮೈಸೂರು ರಸ್ತೆಯ ಪಕ್ಕದ ಸುಮಾರು 1,100 ಎಕರೆ ಜಾಗಕ್ಕೆ ಅದು ಬಂತು. ಆಗ ಕುಲಪತಿಗಳಾಗಿದ್ದವರು ಡಾ. ಎಚ್. ನರಸಿಂಹಯ್ಯನವರು. ನಮ್ಮ ಪಶ್ಚಿಮ ಬೆಂಗಳೂರಿಗೆ ಒಂದು ವಿಶ್ವವಿದ್ಯಾನಿಲಯ ದೊರೆತದ್ದು ಹೀಗೆ. ಅದೇ ಆವರಣದಲ್ಲಿ ದೈಹಿಕ ಶಿಕ್ಷಣ ವಿಭಾಗವೂ ಬಂತು. ಶಾಲಾ ಕಾಲೇಜುಗಳಲ್ಲಿ ಆಟ ಕಲಿಸುವ ಎಷ್ಟೋ ಶಿಕ್ಷಕರು ಇಲ್ಲಿಂದ ತಯಾರಾಗಿ ಹೊರಬಂದರು.

ಈ ವಿಶಾಲ ಜಾಗದಲ್ಲಿ ಬೇರೆ ಸಂಸ್ಥೆಗಳೂ ನೆಲೆಗೊಂಡವು. ಅವುಗಳಲ್ಲಿ ಕ್ರೀಡೆಯ ದೃಷ್ಟಿಯಿಂದ ಮುಖ್ಯವಾದದ್ದು ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ನಂತರ, 1984ರಲ್ಲಿ, ಈ ಪ್ರಾಧಿಕಾರ ರಚನೆಯಾಯಿತು. ಭಾರತದ ಹಾಕಿ ತಂಡಗಳು ವರ್ಷಗಳಿಂದ ಶಿಬಿರ ಹೂಡುವುದು ಇಲ್ಲಿಯೇ. 2020ರ ಲಾಕ್‌ಡೌನ್ ಕಾಲದಲ್ಲಿ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಈ ಆವರಣದಲ್ಲೇ ಉಳಿಯಬೇಕಾಯಿತು. ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ತಂಡ ಕಂಚು ಗೆದ್ದಿತು, ಮಹಿಳೆಯರ ತಂಡ ನಾಲ್ಕನೆಯ ಸ್ಥಾನ ಪಡೆಯಿತು. 1980ರ ಮಾಸ್ಕೋ ಚಿನ್ನದ ನಂತರ 41 ವರ್ಷಗಳಿಗೆ ಬಂದ ಹಾಕಿ ಪದಕ ಅದು. ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದ್ದ ಜಾಫರ್ ಇಕ್ಬಾಲ್ ಅವರು ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದವರು ಎಂಬುದನ್ನು ಇಲ್ಲಿಯೇ ನೆನೆಯಬೇಕು.

ಹಾಜರಿ ಪುಸ್ತಕ ಮತ್ತು ಆಟದ ಅಂಗಿ

ವಿಶ್ವವಿದ್ಯಾನಿಲಯದ ಕ್ರೀಡಾ ವ್ಯವಸ್ಥೆ ಹೇಗೆ ನಡೆಯುತ್ತದೆ? ಮೊದಲು ಕಾಲೇಜಿನ ತಂಡ. ಅದನ್ನು ದೈಹಿಕ ಶಿಕ್ಷಣ ನಿರ್ದೇಶಕರು ಆರಿಸುತ್ತಾರೆ. ನಂತರ ಕಾಲೇಜುಗಳ ನಡುವೆ ಅಂತರ ಕಾಲೇಜು ಪಂದ್ಯಾವಳಿ. ಅಲ್ಲಿ ಚೆನ್ನಾಗಿ ಆಡಿದವರಿಗೆ ಆಯ್ಕೆ ಶಿಬಿರ. ಅದರಲ್ಲಿ ಗೆದ್ದವರಿಗೆ ವಿಶ್ವವಿದ್ಯಾನಿಲಯದ ಅಂಗಿ. ಆಮೇಲೆ ಅನೇಕ ಆಟಗಳಲ್ಲಿ ದಕ್ಷಿಣ ವಲಯ, ಅದರ ಮುಂದೆ ಅಖಿಲ ಭಾರತ ಮಟ್ಟ. ಅಲ್ಲಿಂದಲೂ ಮುಂದೆ ಹೋದವರಿಗೆ 1959ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಆರಂಭವಾದ ವಿಶ್ವ ವಿಶ್ವವಿದ್ಯಾನಿಲಯ ಕ್ರೀಡಾಕೂಟ.

ಈ ಇಡೀ ಏಣಿಯ ಮೊದಲ ಮೆಟ್ಟಿಲು ಯಾವುದು ಎಂದು ಯೋಚಿಸಿ. ಅದು ಚೆಂಡೂ ಅಲ್ಲ, ಬ್ಯಾಟೂ ಅಲ್ಲ. ಅದು ಕಾಲೇಜಿನ ಹಾಜರಿ ಪುಸ್ತಕ. ಅದರಲ್ಲಿ ಹೆಸರಿಲ್ಲದವನು ಎಷ್ಟೇ ವೇಗವಾಗಿ ಓಡಲಿ, ವಿಶ್ವವಿದ್ಯಾನಿಲಯದ ಅಂಗಿ ಅವನಿಗಿಲ್ಲ. ಪಿಯುಸಿ ಮುಗಿಸಿ, ಪದವಿಗೆ ಸೇರಿ, ವ್ಯಾಸಂಗ ಮಾಡುತ್ತಿರುವವನಿಗೆ ಮಾತ್ರ ಅದು ಸಿಗುತ್ತದೆ. ಹಾಗಾದರೆ ಆಟ ಓದಿನ ಶತ್ರು ಎನ್ನುವುದು ಹೇಗೆ? ಇಲ್ಲಿ ಆಟವೇ ಮಗುವನ್ನು ಕಾಲೇಜಿನಲ್ಲಿ ಉಳಿಸುವ ಕಾರಣವಾಗಬಲ್ಲದು.

ಇದಕ್ಕೆ ನಿದರ್ಶನಗಳು ನಮ್ಮ ರಾಜ್ಯದಲ್ಲೇ ಇವೆ. ಸ್ಪಿನ್ ಬೌಲರ್ ಇ.ಎ.ಎಸ್. ಪ್ರಸನ್ನ ಅವರು 1962ರಲ್ಲಿ ಭಾರತ ತಂಡಕ್ಕೆ ಆಡಿದ ನಂತರ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದು ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿದರು. 1967ರಲ್ಲಿ ತಂಡಕ್ಕೆ ಮರಳಿದರು. 1973-74ರಲ್ಲಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ ನಾಯಕರಾಗಿದ್ದವರು ಅವರೇ. ಅನಿಲ್ ಕುಂಬ್ಳೆ ಅವರು 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರ ಎಂಜಿನಿಯರಿಂಗ್ ವ್ಯಾಸಂಗ ಇನ್ನೂ ಮುಗಿದಿರಲಿಲ್ಲ. ಅವರು ಓದುತ್ತಿದ್ದ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಇರುವುದು ಇದೇ ಮೈಸೂರು ರಸ್ತೆಯಲ್ಲಿ. ಆಗ ಅದು ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅವರು ಪದವಿಯನ್ನೂ ಪಡೆದರು, ಮುಂದೆ 619 ಟೆಸ್ಟ್ ವಿಕೆಟ್‌ಗಳನ್ನೂ ಪಡೆದರು. ರಾಹುಲ್ ದ್ರಾವಿಡ್ ಅವರೂ ಬೆಂಗಳೂರಿನ ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜಿನ ಪದವೀಧರರು. ಎಲ್ಲರೂ ಕುಂಬ್ಳೆ, ದ್ರಾವಿಡ್ ಆಗಲಾರರು ನಿಜ. ಆದರೆ ಆಟ ಕೈಕೊಟ್ಟಿದ್ದರೂ ಅವರ ಕೈಯಲ್ಲಿ ಪದವಿ ಇರುತ್ತಿತ್ತು. ನಾವು ಕಲಿಯಬೇಕಾದ ಪಾಠ ಅದೇ.

ನಮ್ಮ ಸಮುದಾಯದ ಪುಟ

ಆಟ ನಮ್ಮ ಕೌಮಿಗೆ ಹೊಸದಲ್ಲ. ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲ್ ದೀರ್ಘಕಾಲ ಬ್ರಿಟಿಷ್ ಸೈನ್ಯದ ತಂಡಗಳ ಸೊತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮದೇ ಊರಿನ ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ. ಮರುವರ್ಷ 1938ರಲ್ಲಿ ಮತ್ತೆ ಗೆದ್ದರು. 1948ರಲ್ಲಿ ಮೂರನೆಯ ಬಾರಿ. ಬೆಂಗಳೂರಿನ ಅಹ್ಮದ್ ಖಾನ್ ಅವರು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಆ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ಅವರು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪದವೀಧರರು, ವೃತ್ತಿಯಿಂದ ಶಾಲಾ ಶಿಕ್ಷಕರು. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ಉಸ್ಮಾನಿಯಾ, 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಬೀದರ್, ಗುಲ್ಬರ್ಗಾ, ರಾಯಚೂರುಗಳ ನಮ್ಮ ಜನರಿಗೂ ವಿಶ್ವವಿದ್ಯಾನಿಲಯವಾಗಿತ್ತು. ರಹೀಮ್ ಸಾಹೇಬರು ಕಾಲೇಜಿನಲ್ಲಿ ಆಡಿದರು, ಪದವಿ ಪಡೆದರು, ಶಾಲೆಗಳಲ್ಲಿ ಪಾಠ ಹೇಳಿದರು, ದೈಹಿಕ ಶಿಕ್ಷಣದ ತರಬೇತಿ ಪಡೆದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ನಾಲ್ಕನೆಯ ಸ್ಥಾನ ಪಡೆಯಿತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೆ ಚಿನ್ನ ಗೆದ್ದಿತು. ಮರುವರ್ಷ ಅವರು ನಿಧನರಾದರು. ಓದಿದವರು ಆಡಬಾರದು ಎನ್ನುವವರಿಗೆ ಈ ಮೇಷ್ಟರ ಬದುಕೇ ಉತ್ತರ.

ಸರ್ ಸೈಯದ್ ಅಹ್ಮದ್ ಖಾನ್ ಅವರು ಅಲಿಗಢದಲ್ಲಿ ಕಟ್ಟಿದ ಕಾಲೇಜಿನಲ್ಲೂ ಕ್ರಿಕೆಟ್ ಮತ್ತು ಕುದುರೆ ಸವಾರಿಗೆ ಮೊದಲಿನಿಂದಲೇ ಗೌರವದ ಸ್ಥಾನ ಸಿಕ್ಕಿತು. ಪ್ರವಾದಿ ಮುಹಮ್ಮದ್ (ಸ.ಅ.) ಅವರು ಹಜರತ್ ಆಯಿಶಾ (ರ.ಅ.) ಅವರೊಂದಿಗೆ ಓಟದ ಪಂದ್ಯ ಆಡಿದ್ದು ಹದೀಸಿನಲ್ಲಿ ಬಂದಿದೆ. ಆದ್ದರಿಂದ ದೀನಿನ ಹೆಸರಿನಲ್ಲಿ ಮಕ್ಕಳನ್ನು ಮೈದಾನದಿಂದ ದೂರ ಇಡುವುದಕ್ಕೆ ಆಧಾರವಿಲ್ಲ.

ಹೆಣ್ಣುಮಕ್ಕಳ ಮಾತು

ಗಂಡುಮಕ್ಕಳನ್ನಾದರೂ ಗಲ್ಲಿಯಲ್ಲಿ ಆಡಲು ಬಿಡುತ್ತೇವೆ. ಹೆಣ್ಣುಮಕ್ಕಳ ಆಟ ಎಂಟನೆಯ ತರಗತಿ, ಒಂಬತ್ತನೆಯ ತರಗತಿಗೆ ನಿಂತುಹೋಗುತ್ತದೆ. ಶಾಲೆಯಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಹುಡುಗಿ ಮರುವರ್ಷ ಕ್ರೀಡಾದಿನದಂದು ಪ್ರೇಕ್ಷಕರ ನಡುವೆ ಕುಳಿತಿರುವುದನ್ನು ನಾವು ಶಿಕ್ಷಕರು ಪ್ರತಿ ವರ್ಷ ನೋಡುತ್ತೇವೆ. ಕಾರಣ ಕೇಳಿದರೆ ಉಡುಪಿನ ಮಾತು ಬರುತ್ತದೆ. ಇದು ನಿಜವಾದ ಕಾಳಜಿ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಪ್ರಪಂಚ ಬದಲಾಗಿದೆ. ಅಂತರರಾಷ್ಟ್ರೀಯ ಫುಟ್‌ಬಾಲ್ ನಿಯಮಗಳು 2014ರಿಂದ ತಲೆವಸ್ತ್ರಕ್ಕೆ ಅವಕಾಶ ಕೊಟ್ಟಿವೆ. ಬ್ಯಾಸ್ಕೆಟ್‌ಬಾಲ್ ಸಂಸ್ಥೆ 2017ರಲ್ಲಿ ಅವಕಾಶ ಕೊಟ್ಟಿತು. ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಎಂಬ ಯುವತಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಲೇ ಕತ್ತಿವರಸೆಯಲ್ಲಿ ಬೆಳೆದು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ಧರಿಸಿಯೇ ತಂಡದೊಂದಿಗೆ ಕಂಚು ಗೆದ್ದರು. ನಮ್ಮ ರಾಜ್ಯದಲ್ಲಿ ಮಂಗಳೂರಿನಲ್ಲಿ ಓದಿದ ಎಂ.ಆರ್. ಪೂವಮ್ಮ ಅವರು 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ ರಿಲೇ ಓಟದ ಚಿನ್ನ ತಂದರು. ಕಾಲೇಜು ಕ್ರೀಡೆಯನ್ನು ಶ್ರದ್ಧೆಯಿಂದ ಬೆಳೆಸಿದ್ದರಿಂದ ಮಂಗಳೂರು ವಿಶ್ವವಿದ್ಯಾನಿಲಯ ಅಖಿಲ ಭಾರತ ಅಥ್ಲೆಟಿಕ್ಸ್‌ನಲ್ಲಿ ಹಲವು ಬಾರಿ ಸಮಗ್ರ ಪ್ರಶಸ್ತಿ ಪಡೆದಿದೆ.

ಒಡೆದ ವಿಶ್ವವಿದ್ಯಾನಿಲಯ, ಹೆಚ್ಚಿದ ಅವಕಾಶ

1964ರಲ್ಲಿ ಎರಡು ಕಾಲೇಜುಗಳಿಂದ ಆರಂಭವಾದ ಬೆಂಗಳೂರು ವಿಶ್ವವಿದ್ಯಾನಿಲಯ ಮುಂದೆ ನೂರಾರು ಕಾಲೇಜುಗಳ ದೊಡ್ಡ ಸಂಸಾರವಾಯಿತು. ದೊಡ್ಡ ಸಂಸಾರ ಪಾಲಾಗುವುದು ಸಹಜ. 1996ರಲ್ಲಿ ವೈದ್ಯಕೀಯ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ, 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಬಂದವು. 2017ರಲ್ಲಿ ಉಳಿದ ಭಾಗವೂ ಮೂರಾಯಿತು. ನಗರದ ಮಧ್ಯಭಾಗಕ್ಕೆ ಒಂದು, ಕೋಲಾರ ಸೇರಿದ ಉತ್ತರ ಭಾಗಕ್ಕೆ ಒಂದು ಹೊಸ ವಿಶ್ವವಿದ್ಯಾನಿಲಯ ಆಯಿತು. ಜ್ಞಾನಭಾರತಿ ಹಳೆಯ ಹೆಸರಿನೊಂದಿಗೆ ಉಳಿಯಿತು. 1917ರ ಎಂಜಿನಿಯರಿಂಗ್ ಕಾಲೇಜೂ 2022ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು.

ಕ್ರೀಡೆಯ ದೃಷ್ಟಿಯಿಂದ ಇದರಲ್ಲಿ ನಷ್ಟವೂ ಇದೆ, ಲಾಭವೂ ಇದೆ. ಮೊದಲು ನೂರಾರು ಕಾಲೇಜುಗಳ ಪ್ರತಿಭೆ ಸೇರಿ ಒಂದು ಬಲವಾದ ತಂಡವಾಗುತ್ತಿತ್ತು. ಈಗ ಆ ಬಲ ಹಂಚಿಹೋಗಿದೆ. ಆದರೆ ಹಿಂದೆ ಒಂದು ತಂಡವಿದ್ದಲ್ಲಿ ಈಗ ಹಲವು ತಂಡಗಳಿವೆ. ಹಿಂದೆ ಆಯ್ಕೆಯ ಹೊಸ್ತಿಲಲ್ಲಿ ಉಳಿಯುತ್ತಿದ್ದ ಹುಡುಗ, ಹುಡುಗಿಗೆ ಈಗ ಅಂಗಿ ಸಿಗುವ ಸಾಧ್ಯತೆ ಹೆಚ್ಚು. ಇನ್ನೊಂದು ಕಡೆ ಖಾಸಗಿ ವಿಶ್ವವಿದ್ಯಾನಿಲಯಗಳು ಮುನ್ನುಗ್ಗುತ್ತಿವೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದಲ್ಲಿ ಪದಕ ಪಟ್ಟಿಯ ತುದಿಯಲ್ಲಿದ್ದದ್ದು ಜೈನ್ ವಿಶ್ವವಿದ್ಯಾನಿಲಯ. ಅಂತಹ ಸಂಸ್ಥೆಗಳು ಆಗಲೇ ಹೆಸರು ಮಾಡಿದ ಆಟಗಾರರನ್ನು ಹುಡುಕುತ್ತವೆ. ಇನ್ನೂ ಹೆಸರು ಮಾಡದ, ಬಡ ಮನೆಯ ಮಗುವಿಗೆ ಮೊದಲ ಅವಕಾಶ ಕೊಡಬೇಕಾದದ್ದು ಕಡಿಮೆ ಶುಲ್ಕದ ಸರ್ಕಾರಿ ಕಾಲೇಜು ಮತ್ತು ರಾಜ್ಯ ವಿಶ್ವವಿದ್ಯಾನಿಲಯವೇ. ಅದನ್ನು ಬಳಸಿಕೊಳ್ಳದಿದ್ದರೆ ನಷ್ಟ ನಮ್ಮದು.

ನಾವು ಮಾಡಬೇಕಾದದ್ದು

ವಿದ್ಯಾರ್ಥಿ ಮಿತ್ರರೇ, ಪದವಿಗೆ ಸೇರಿದ ಮೊದಲ ವಾರದಲ್ಲೇ ದೈಹಿಕ ಶಿಕ್ಷಣ ನಿರ್ದೇಶಕರನ್ನು ಭೇಟಿಯಾಗಿ ಹೆಸರು ಕೊಡಿ. ಸೂಚನಾ ಫಲಕ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕ್ರಿಕೆಟ್ ಒಂದನ್ನೇ ನೆಚ್ಚಬೇಡಿ. ಕುಸ್ತಿ, ಜೂಡೋ, ಓಟ, ಎಸೆತ, ಹ್ಯಾಂಡ್‌ಬಾಲ್ ಮುಂತಾದ ಆಟಗಳಲ್ಲಿ ಸ್ಪರ್ಧೆ ಕಡಿಮೆ, ಅವಕಾಶ ಹೆಚ್ಚು. ಗೆದ್ದ ಪ್ರತಿಯೊಂದು ಪ್ರಮಾಣಪತ್ರವನ್ನೂ ಜೋಪಾನವಾಗಿಡಿ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ, ರೈಲ್ವೆಯಂತಹ ಇಲಾಖೆಗಳು ಕ್ರೀಡಾಪಟುಗಳನ್ನು ನೇಮಿಸಿಕೊಳ್ಳುತ್ತವೆ. ಹಾಜರಿ ಕಡಿಮೆಯಾಗದಂತೆ ನೋಡಿಕೊಳ್ಳಿ, ಏಕೆಂದರೆ ಓದು ನಿಂತರೆ ಆಟವೂ ನಿಲ್ಲುತ್ತದೆ.

ಪೋಷಕರೇ, ಮಗಳು ಅಥವಾ ಮಗ ಬೆಳಿಗ್ಗೆ ಒಂದು ಗಂಟೆ ಓಡಿದರೆ ಅಂಕ ಕಡಿಮೆಯಾಗುತ್ತದೆಂದು ಹೆದರಬೇಡಿ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ ವಿಜಯನಗರ, ಅತ್ತಿಗುಪ್ಪೆಗಳಿಂದ ಜ್ಞಾನಭಾರತಿ ನಿಲ್ದಾಣಕ್ಕೆ ನೇರವಾಗಿ ಹೋಗಬಹುದು. ರಜಾದಿನ ಮಕ್ಕಳನ್ನು ಆ ಕಡೆಗೊಮ್ಮೆ ಕರೆದುಕೊಂಡು ಹೋಗಿ. ವಿಶ್ವವಿದ್ಯಾನಿಲಯ ಎಂದರೆ ಏನೆಂದು ಅವರು ಕಣ್ಣಾರೆ ನೋಡಲಿ.

ಸಂಘದ ಹಿರಿಯರಲ್ಲಿಯೂ ಒಂದು ವಿನಂತಿ. ನಾವು ಪ್ರತಿ ವರ್ಷ ಹೆಚ್ಚು ಅಂಕ ಪಡೆದವರಿಗೆ ಪುರಸ್ಕಾರ ಕೊಡುತ್ತೇವೆ. ಅದು ಮುಂದುವರಿಯಲಿ. ಅದರ ಪಕ್ಕದಲ್ಲೇ, ಕಾಲೇಜು ತಂಡದಲ್ಲಿ ಆಡುತ್ತ ಪರೀಕ್ಷೆಯಲ್ಲೂ ತೇರ್ಗಡೆಯಾದ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಒಂದು ಜೊತೆ ಓಟದ ಬೂಟು ಮತ್ತು ಒಂದು ವರ್ಷದ ಪ್ರಯಾಣದ ಖರ್ಚು ಕೊಡೋಣ. ಇದಕ್ಕೆ ಬೇಕಾಗುವ ಹಣ ದೊಡ್ಡದಲ್ಲ. ವಿಶ್ವವಿದ್ಯಾನಿಲಯದ ಅಂಗಿ ತೊಟ್ಟ ನಮ್ಮ ಮಕ್ಕಳ ಹೆಸರು ಮುಂದೊಂದು ವರ್ಷ ಈ ಸಂಚಿಕೆಯಲ್ಲೇ ಅಚ್ಚಾಗಲಿ.

ಬೆಂಗಳೂರು ಮುಸ್ಲಿಮ್ಸ್ ತಂಡ ಮೊದಲ ಬಾರಿಗೆ ಕಪ್ ಗೆದ್ದು 80 ವರ್ಷಗಳ ಮೇಲಾಯಿತು. ಆ ಹೆಮ್ಮೆಯನ್ನು ಹೇಳಿಕೊಂಡು ಕುಳಿತರೆ ಸಾಲದು. ಆ ಕಾಲುಗಳ ಶಕ್ತಿಗೆ ರಹೀಮ್ ಸಾಹೇಬರ ಓದು ಸೇರಬೇಕು. ಅಲ್ಲಾಹನು ನಮ್ಮ ಮಕ್ಕಳಿಗೆ ಇಲ್ಮನ್ನೂ ಆರೋಗ್ಯವನ್ನೂ ಒಟ್ಟಿಗೆ ದಯಪಾಲಿಸಲಿ. ಆಮೀನ್.